ವಾಲಿಗೆ ಮಾತಾಡಲು ಸಮಯ ಕೊಡಿ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಿನ ಕಲಾವಿದರು ಮಳೆಗಾಲದ ತಿರುಗಾಟಕ್ಕೆಂದು ಮುಂಬೈ, ಪುಣೆ ಕಡೆ ಬರುತ್ತಾರೆ. ಹಾಗೆ ಬಂದ ಒಂದು ತಂಡದ 'ವಾಲಿವಧೆ' ಕಳೆದ ಮಳೆಗಾಲದಲ್ಲಿ ಭೋಸರಿಗೆ ಹತ್ತಿರದ ಒಂದು ಸಭಾಗೃಹದಲ್ಲಿತ್ತು. ಐದೂವರೆಗೆ ಶುರು, ಎಂಟೂವರೆಗೆ ಹಾಲ್ ಬಿಟ್ಟುಕೊಡಬೇಕು. ನಡುವೆ ಸನ್ಮಾನಕ್ಕೆ ನಲವತ್ತು ನಿಮಿಷ ಹೋಯಿತು. ರಾಮನ ಬಾಣ ತಾಗಿ ಬಿದ್ದ ವಾಲಿ ಪ್ರಶ್ನೆ ಕೇಳಲು ಶುರು ಮಾಡುವಾಗ ಎಂಟು ಇಪ್ಪತ್ತು. ಭಾಗವತರು ಗಡಿಯಾರ ನೋಡಿ ಮುಂದಿನ ಪದ್ಯ ಎತ್ತಿಕೊಂಡರು. ವಾಲಿ ಎರಡು ಮಾತಾಡಿ ಸತ್ತ. ಮಂಗಳ ಹಾಡಿ ಮುಗಿಸಿದರು.

ಪಕ್ಕದಲ್ಲಿ ಕೂತಿದ್ದವರು ಮೂವತ್ತು ವರ್ಷದಿಂದ ಇಲ್ಲಿ ಹೋಟೆಲು ನಡೆಸುತ್ತಿರುವ ಹಿರಿಯರು. ಚಪ್ಪಲಿ ಹುಡುಕುತ್ತಾ ಅಂದರು, "ಯಕ್ಷಗಾನ ಹಾಳಾಯ್ತು ಮಾರಾಯ." ಏನು ಹಾಳಾಯಿತು ಅಂತ ಕೇಳಿದೆ. ಚೆಂಡೆಯ ವೇಗ, ಮಿಂಚುವ ಬಟ್ಟೆ, ಬಣ್ಣದ ಲೈಟು, ತುಳು ಪ್ರಸಂಗ, ಸಿನಿಮಾದ ಕುಣಿತ ಎಂದು ಪಟ್ಟಿ ಕೊಟ್ಟರು. ವಾಲಿಗೆ ಮಾತಾಡಲು ಬಿಡಲಿಲ್ಲ ಎಂಬುದು ಅವರ ಪಟ್ಟಿಯಲ್ಲಿ ಇರಲಿಲ್ಲ.

ಅದೇ ವಾರ ಇನ್ನೊಂದು ಕಡೆ ಇದೇ ದೂರು ಕೇಳಿದೆ. ನಾವು ಐದು ಮಂದಿ, ಎಂಐಡಿಸಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು, ಶನಿವಾರ ರಾತ್ರಿ ಇಂದ್ರಾಯಣಿ ನಗರದ ಒಂದು ಫ್ಲ್ಯಾಟಿನಲ್ಲಿ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಆಡುತ್ತೇವೆ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾ ಕತೆ ಕಟ್ಟುವ ಆಟ ಇದು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕತೆ ನಡೆಸುವವನಿಗೆ ಡಂಜನ್ ಮಾಸ್ಟರ್ ಎನ್ನುತ್ತಾರೆ. ನಮ್ಮ ಮಾಸ್ಟರ್ ಒಬ್ಬ ಮರಾಠಿ ಗೆಳೆಯ, ಕಾಲೇಜಿನ ಕಾಲದಿಂದ ಆಡಿದವನು. ಅವನ ಪ್ರೀತಿಯ ಲೋಕ 'ಫರ್ಗಾಟನ್ ರೆಲ್ಮ್ಸ್'. ಆ ಹೆಸರು ಎತ್ತಿದರೆ ಸಾಕು, 2008ರಲ್ಲಿ ಅದನ್ನು ಕೊಂದರು ಎಂದು ಶುರು ಮಾಡುತ್ತಾನೆ.

ಅವನ ಸಂಕಟಕ್ಕೆ ಕಾರಣ ಇದೆ. ಕೆನಡಾದ ಎಡ್ ಗ್ರೀನ್‌ವುಡ್ ಹುಡುಗನಾಗಿದ್ದಾಗಲೇ ಕಟ್ಟಲು ಶುರು ಮಾಡಿದ ಈ ಕಲ್ಪನೆಯ ಲೋಕ 1987ರಲ್ಲಿ ಆಟದ ಪುಸ್ತಕವಾಗಿ ಬಂತು. ಊರು, ನದಿ, ದೇವತೆ, ರಾಜವಂಶ ಎಲ್ಲ ಸೇರಿ ಅದಕ್ಕೊಂದು ಪುರಾಣವೇ ಬೆಳೆಯಿತು. 2008ರಲ್ಲಿ ಆಟದ ನಾಲ್ಕನೆಯ ಆವೃತ್ತಿ ಬಂದಾಗ ಪ್ರಕಾಶಕರು ಆ ಲೋಕದ ಕಾಲವನ್ನು ಸುಮಾರು ನೂರು ವರ್ಷ ಮುಂದಕ್ಕೆ ತಳ್ಳಿದರು. ಮಂತ್ರಶಕ್ತಿಯ ದೇವತೆ ಮಿಸ್ಟ್ರಾಳನ್ನು ಸಾಯಿಸಿದರು. ಮಂತ್ರವೇ ರೋಗವಾಗಿ ಹರಡಿ ನಾಡುಗಳು ಅಳಿದವು, ದೇವರುಗಳ ಸಂಖ್ಯೆ ಇಳಿಯಿತು. ಹೊಸಬರಿಗೆ ಹಳೆಯ ಪುರಾಣದ ಭಾರ ಬೇಡ ಎಂಬುದು ಉದ್ದೇಶ. ಹಳಬರಿಗೆ ಮಾತ್ರ ಇಪ್ಪತ್ತು ವರ್ಷ ಕಲಿತದ್ದೆಲ್ಲ ಒಂದೇ ದಿನ ಹಳೆಯ ನೋಟಾಯಿತು. 2014ರ ಐದನೆಯ ಆವೃತ್ತಿಯಲ್ಲಿ ಕಳೆದುಹೋದ ಬಹಳಷ್ಟನ್ನು ಮರಳಿ ತಂದರು, ಮಿಸ್ಟ್ರಾಳನ್ನೂ.

ಕತೆಯಲ್ಲಿ ಒಂದು ಸ್ವಾರಸ್ಯ ಇದೆ. 2008ರಲ್ಲಿ ಸತ್ತ ಮಿಸ್ಟ್ರಾ ಮೂಲ ಮಿಸ್ಟ್ರಾ ಅಲ್ಲ. 1989ರಲ್ಲಿ ಆಟದ ನಿಯಮ ಬದಲಾದಾಗಲೂ ದೇವತೆಗಳ ನಡುವೆ ದೊಡ್ಡ ಅನಾಹುತ ನಡೆಸಿ, ಹಿಂದಿನ ಮಿಸ್ಟ್ರಾ ಸತ್ತು, ಮಿಡ್‌ನೈಟ್ ಎಂಬ ಮನುಷ್ಯ ಹೆಂಗಸು ಆ ಸ್ಥಾನಕ್ಕೆ ಏರಿದ್ದಳು. ನನ್ನ ಗೆಳೆಯ ಅತ್ತದ್ದು ಹಿಂದಿನ ಒಂದು ಬದಲಾವಣೆಯಿಂದ ಬಂದ ದೇವತೆಗಾಗಿ. ಹಾಗೆಂದು ಅವನ ಅಳುವನ್ನು ತಳ್ಳಿಹಾಕಲು ಬರುವುದಿಲ್ಲ. ಯಾವ ಬದಲಾವಣೆ ಒಂದು ಲೋಕದೊಳಗೆ ಸೇರಿಕೊಳ್ಳುತ್ತದೆ, ಯಾವುದು ಅದನ್ನು ಒಡೆಯುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಆ ಪ್ರಶ್ನೆ ನನ್ನನ್ನು ಹೋಟೆಲಿನ ಹಿರಿಯರ ಮಾತಿಗೆ ವಾಪಸು ಕರೆದುಕೊಂಡು ಹೋಯಿತು.

ಏಕೆಂದರೆ ಯಕ್ಷಗಾನ, ಅದರಲ್ಲೂ ತಾಳಮದ್ದಳೆ, ನಾನು ಕಂಡಂತೆ ಇದೇ ಬಗೆಯ ಆಟ. ಪದ್ಯ ಮಾತ್ರ ಬರೆದದ್ದು. ಅರ್ಥ ಬರೆದದ್ದಲ್ಲ. ವೇಷವಿಲ್ಲ, ಕುಣಿತವಿಲ್ಲ. ಎದುರಾಳಿ ಏನು ಹೇಳುತ್ತಾನೆಂದು ಅರ್ಥಧಾರಿಗೆ ಮೊದಲೇ ಗೊತ್ತಿಲ್ಲ. ಕತೆಯ ಕೊನೆ ಮಾತ್ರ ಎಲ್ಲರಿಗೂ ಗೊತ್ತು. ಸಂಧಾನ ಮುರಿಯಬೇಕು, ವಾಲಿ ಸಾಯಬೇಕು. ಆ ಕೊನೆಗೆ ಹೋಗುವ ದಾರಿಯನ್ನು ಅಲ್ಲೇ ಕೂತು ಮಾತಿನಲ್ಲಿ ಕಡಿಯಬೇಕು. ಭಾಗವತರೇ ಡಂಜನ್ ಮಾಸ್ಟರ್. ಮಾತು ಬೆಳೆದರೆ ಬಿಡುತ್ತಾರೆ, ಅಡ್ಡದಾರಿ ಹಿಡಿದರೆ ಪದ್ಯ ಎತ್ತಿ ನಿಲ್ಲಿಸುತ್ತಾರೆ.

ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ನಾನು ಕೇಳಿದ್ದು ಕ್ಯಾಸೆಟ್ಟಿನಲ್ಲಿ, ಕಾಸರಗೋಡು ಕಡೆಯ ನಮ್ಮ ಅಜ್ಜನ ಮನೆಯ ಚಾವಡಿಯಲ್ಲಿ. ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳು ಎಷ್ಟೋ ತಲೆಮಾರಿನಿಂದ ಹಾಗೆಯೇ ಇವೆ. ಶೇಣಿಯವರು ಅದೇ ಪದ್ಯ ಹಿಡಿದು ಮರೆಯಲ್ಲಿ ನಿಂತು ಬಾಣ ಬಿಟ್ಟವನ ಧರ್ಮವನ್ನು ಒಂದೊಂದಾಗಿ ಬಿಚ್ಚುತ್ತಿದ್ದರೆ, ಕೇಳುವವರಿಗೆ ತೀರ್ಪು ಈ ಸಲ ಬೇರೆ ಬಂದೀತೇನೋ ಅನಿಸುತ್ತಿತ್ತು. ಬರುತ್ತಿರಲಿಲ್ಲ, ವಾಲಿ ಸಾಯುತ್ತಿದ್ದ. ಆದರೆ ರಾಮನ ಅರ್ಥ ಹೇಳುವವರು ಬೆವರಬೇಕಿತ್ತು. ಕೊನೆ ಗಟ್ಟಿಯಾಗಿದ್ದದ್ದರಿಂದಲೇ ನಡುವೆ ಅಷ್ಟು ಸ್ವಾತಂತ್ರ್ಯ.

ಈ ದೃಷ್ಟಿಯಿಂದ ನಮ್ಮ ಹಳೆಯ ಜಗಳಗಳನ್ನು ನೋಡಬೇಕು. ಕಳೆದ ಶತಮಾನದ ನಡುಭಾಗದಿಂದ ಟಿಕೆಟಿನ ಡೇರೆ ಮೇಳಗಳು ಬಂದವು. ಅವುಗಳ ಜತೆ ತುಳು ಪ್ರಸಂಗ, ಕ್ಷೇತ್ರ ಮಹಾತ್ಮೆ, ಕಂದಾವರ ರಘುರಾಮ ಶೆಟ್ಟರ 'ಚೆಲುವೆ ಚಿತ್ರಾವತಿ'ಯಂಥ ಕಲ್ಪಿತ ಕತೆಗಳು ಬಂದವು. ರಾಮಾಯಣ, ಮಹಾಭಾರತ ಬಿಟ್ಟರೆ ಯಕ್ಷಗಾನ ಉಳಿಯದು ಎಂದು ಹೇಳಿದವರು ಕಡಿಮೆ ಇಲ್ಲ. ಆದರೆ 'ಬಪ್ಪನಾಡು ಕ್ಷೇತ್ರ ಮಹಾತ್ಮೆ'ಯನ್ನು ನೋಡಿ. ದುರ್ಗೆಯ ಗುಡಿ ಕಟ್ಟಿಸುವ ಮುಸ್ಲಿಂ ವ್ಯಾಪಾರಿ ಬಪ್ಪಬ್ಯಾರಿ ಕಿರೀಟ, ಭುಜಕೀರ್ತಿಗಳ ರಂಗಸ್ಥಳಕ್ಕೆ ಬಂದ. ಆ ಪಾತ್ರ ಮಾಡಿ ಮನೆಮಾತಾದವರು ವಾಲಿಯ ಅರ್ಥ ಹೇಳಿದ ಅದೇ ಶೇಣಿಯವರು. ಲೋಕ ಒಡೆಯಲಿಲ್ಲ, ಒಂದು ಊರಷ್ಟು ದೊಡ್ಡದಾಯಿತು. ಬ್ಯಾರಿ ಹೊಸಬನಾದರೂ ಅವನು ಬಂದದ್ದು ಹಳೆಯ ನಡೆಯಲ್ಲಿ. ಭಾಗವತರ ಪದ್ಯ, ಅದಕ್ಕೆ ಪಾತ್ರಧಾರಿಯ ಸ್ವಂತ ಮಾತು, ಎದುರು ಪಾತ್ರದ ಉತ್ತರ, ಎಲ್ಲ ಹಾಗೇ ಇತ್ತು.

ಇನ್ನೊಂದು ಕಡೆ ಶಿವರಾಮ ಕಾರಂತರಿದ್ದಾರೆ. ಹಳೆಯ ವೇಷ, ರಾಗ, ಕುಣಿತಗಳನ್ನು ಹುಡುಕಿ ದಾಖಲಿಸಿದವರು. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರೇ ಮುಂದೆ ಯಕ್ಷಗಾನದ ಬ್ಯಾಲೆ ಮಾಡಿದಾಗ ಪಿಟೀಲು, ಸ್ಯಾಕ್ಸೋಫೋನ್ ತಂದರು, ಮಾತನ್ನು ತೆಗೆದರು. ಅಭಿಮಾನಿಗಳ ಸಿಟ್ಟು ಹೆಚ್ಚಾಗಿ ಸ್ಯಾಕ್ಸೋಫೋನಿನ ಮೇಲೆ ತಿರುಗಿತು. ನನಗೆ ವಾದ್ಯದ ಬಗ್ಗೆ ತಕರಾರಿಲ್ಲ. ಆಶುಮಾತು ಹೋದದ್ದೇ ದೊಡ್ಡ ಬದಲಾವಣೆ. ಕನ್ನಡ ಬಾರದ ಊರುಗಳಿಗೆ ಯಕ್ಷಗಾನ ತಲುಪಿದ್ದು ಅದರಿಂದಲೇ ಎಂಬುದೂ ನಿಜ, ಆ ಕೆಲಸ ಸಣ್ಣದಲ್ಲ. ಆದರೆ ಅದು ನೋಡುವ ಯಕ್ಷಗಾನ. ಒಳಗೆ ಹೊಕ್ಕು ವಾದಿಸುವ ಆಟ ಅಲ್ಲಿ ಮುಗಿದಿತ್ತು.

ಈಗಿನ ಜಗಳ ಕಾಲಮಿತಿಯದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ದಿಂದಲೇ ಇದೆ. ಅದನ್ನು ಮುಂದಿಟ್ಟು 2022ರಲ್ಲಿ ಕಟೀಲು ಮೇಳ ಕಾಲಮಿತಿಗೆ ಹೊರಟಾಗ ಭಕ್ತರೂ ಅಭಿಮಾನಿಗಳೂ ವಿರೋಧಿಸಿದರು. ಹರಕೆಯ ಆಟ ಬೆಳಗಿನವರೆಗೆ ನಡೆಯಬೇಕೆಂಬುದು ಅವರಿಗೆ ನಂಬಿಕೆಯ ಮಾತು, ಅದರಲ್ಲಿ ನಾನು ಕೈಹಾಕುವುದಿಲ್ಲ. ಕಲೆಯ ಮಟ್ಟಿಗೆ ಹೇಳುವುದಾದರೆ, ಇಡೀ ರಾತ್ರಿಯ ಆಟದಲ್ಲಿ ಎಲ್ಲವೂ ಚಿನ್ನವಾಗಿರಲಿಲ್ಲ. ಒಂದೇ ಮಾತನ್ನು ಎಳೆದದ್ದು, ಪಾಂಡಿತ್ಯದ ಜಿದ್ದಿಗೆ ಪಾತ್ರ ಮರೆತದ್ದು, ನಡುರಾತ್ರಿ ನಾವು ಚಾಪೆಯಲ್ಲಿ ನಿದ್ದೆ ಹೋದದ್ದು, ಎಲ್ಲ ಇತ್ತು. ನಿದ್ದೆಗೆಟ್ಟು ತಿರುಗುವ ಕಲಾವಿದರ ಮೈಯ ಪ್ರಶ್ನೆಯೂ ಇದೆ. ಮೂರು ಗಂಟೆಯಲ್ಲಿ ಒಳ್ಳೆಯ ಆಟ ಆಡಬಹುದು ಎಂಬುದನ್ನು ಕೆರೆಮನೆ ಶಂಭು ಹೆಗಡೆಯವರು ಆಡಿ ತೋರಿಸಿದ್ದಾರೆ.

ಹಾಗಾಗಿ ಎಷ್ಟು ಕಡಿದರು ಅನ್ನುವುದಕ್ಕಿಂತ ಏನನ್ನು ಕಡಿದರು ಅನ್ನುವುದನ್ನು ನಾವು ಕೇಳಬೇಕು. ಎಂಟು ಗಂಟೆಯ ಆಟವನ್ನು ಮೂರಕ್ಕೆ ಇಳಿಸುವಾಗ ಕುಣಿತ ಕಡಿಯುವುದಿಲ್ಲ, ಚಪ್ಪಾಳೆ ಬೀಳುವುದು ಅದಕ್ಕೆ. ಪದ್ಯ ಕಡಿದರೆ ಕತೆ ಸಾಗದು. ಉಳಿಯುವುದು ಮಾತು. ಮಾತಿಗೆ ಎರಡು ನಿಮಿಷ ಎಂದಾದ ಮೇಲೆ ಕಲಾವಿದ ಅಲ್ಲೇ ಯೋಚಿಸಿ ಹೇಳುವ ಗೊಡವೆಗೆ ಹೋಗುವುದಿಲ್ಲ, ಬಾಯಿಪಾಠದ ನಾಲ್ಕು ವಾಕ್ಯ ಹೇಳುತ್ತಾನೆ. ನಾಲ್ಕು ಕಡೆ ಅದೇ ನಾಲ್ಕು ವಾಕ್ಯ. ಇಲ್ಲಿ ಯಾರೂ ದೇವತೆಯನ್ನು ಕೊಲ್ಲುವುದಿಲ್ಲ, ನೂರು ವರ್ಷ ಹಾರಿಸುವುದಿಲ್ಲ. ರಾಮ ರಾಮನೇ, ವಾಲಿ ವಾಲಿಯೇ. ಆದ್ದರಿಂದ ಯಾರಿಗೂ ಗಾಬರಿಯೂ ಆಗುವುದಿಲ್ಲ. ನನ್ನ ಗೆಳೆಯನ ಲೋಕದ ನಕಾಶೆ ಬದಲಾಯಿತು, ಆದರೆ ಹಳೆಯ ಪುಸ್ತಕ ಇಟ್ಟುಕೊಂಡು ಶನಿವಾರ ರಾತ್ರಿ ಅವನು ಈಗಲೂ ಆಡಿಸುತ್ತಾನೆ. ನಮ್ಮಲ್ಲಿ ನಕಾಶೆ ಭದ್ರವಾಗಿದೆ, ಆಡುವುದು ನಿಲ್ಲುತ್ತಿದೆ.

ಇದರಲ್ಲಿ ನಮ್ಮ ಪಾಲೂ ಇದೆ. ಊರು ಬಿಟ್ಟ ನಮಗೆ ಊರು ನಾವು ಬಿಟ್ಟ ದಿನ ಹೇಗಿತ್ತೋ ಹಾಗೆಯೇ ಇರಬೇಕು. ಬಟ್ಟೆಯ ಬಣ್ಣ ಬದಲಾದರೆ ತಕ್ಷಣ ಕಾಣುತ್ತದೆ, ದೂರುತ್ತೇವೆ. ಹಾಲ್ ಬಾಡಿಗೆ, ಸನ್ಮಾನ, ಪ್ರಾಯೋಜಕರ ಭಾಷಣ, ಊಟ ಎಲ್ಲ ಲೆಕ್ಕ ಹಾಕಿ ಉಳಿದ ಸಮಯವನ್ನು ಕಲಾವಿದರಿಗೆ ಕೊಡುವವರೂ ನಾವೇ. ವಾಲಿಯ ಮಾತು ಕಡಿದದ್ದು ಭಾಗವತರಲ್ಲ. ನಲವತ್ತು ನಿಮಿಷದ ಶಾಲು, ಹಾರಗಳಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಇಲ್ಲಿ ಹುಟ್ಟಿದ ಮಕ್ಕಳ ಮಾತೂ ಬರುತ್ತದೆ. ಅವರಿಗೆ ಮಾತು ಅರ್ಥವಾಗುವುದಿಲ್ಲ, ಕುಣಿತ ಸಾಕು ಎನ್ನುತ್ತೇವೆ. ನಮ್ಮ ಶನಿವಾರದ ಗುಂಪಿನಲ್ಲಿ ಒಬ್ಬ ಹಿರಿಯ ಸಹೋದ್ಯೋಗಿಯ ಮಗಳು, ಹದಿನಾಲ್ಕರವಳು, ಕೆಲವೊಮ್ಮೆ ಬಂದು ಕೂರುತ್ತಾಳೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ. ಒಂದು ದಿನ ಆಟದ ನಡುವೆ ವಾಲಿಯ ಕತೆ ಹೇಳಿ, ನೀನು ವಾಲಿ, ನಾನು ರಾಮ, ಕೇಳು ಎಂದೆ. ಮೂರೂ ಭಾಷೆ ಬೆರೆಸಿ ಕೇಳಿದಳು. "ನಿನಗೆ ಸುಗ್ರೀವನ ಸಹಾಯ ಬೇಕಿತ್ತು, ಅದಕ್ಕೆ ನನ್ನನ್ನು ಕೊಂದೆ. ನನ್ನನ್ನೇ ಕೇಳಬಹುದಿತ್ತಲ್ಲ?" ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅರ್ಥಧಾರಿಗಳು ತಲೆಮಾರುಗಳಿಂದ ಹೊಡೆದಾಡಿದ ಪ್ರಶ್ನೆಯನ್ನೇ ಅವಳು ತಾನಾಗಿ ಮುಟ್ಟಿದ್ದಳು.

ಈ ಮಳೆಗಾಲಕ್ಕೆ ನಾವು ಕೆಲವರು ಒಂದು ಸಣ್ಣ ಯೋಚನೆ ಮಾಡಿದ್ದೇವೆ. ದೊಡ್ಡ ಸಭಾಗೃಹ ಬೇಡ. ಹೋಟೆಲಿನ ಹಿರಿಯರು ತಮ್ಮ ಮಾಳಿಗೆಯ ಕೋಣೆ ಕೊಡುತ್ತೇನೆಂದಿದ್ದಾರೆ. ಒಂದು ಮದ್ದಳೆ, ಜಾಗಟೆ, ನಾಲ್ಕು ಅರ್ಥಧಾರಿಗಳು, ವಾಲಿವಧೆ. ಸನ್ಮಾನ ಇಲ್ಲ. ಕೋಣೆಯ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚಬೇಕು ಅಂತ ಅವರನ್ನು ಕೇಳಿದೆ. "ವಾಲಿ ಮಾತು ಮುಗಿಸಿದ ಮೇಲೆ" ಅಂದರು.