‘ಎಲ್ಲ’ ಮತ್ತು ‘ಅಲ್ಲ’ಗಳ ನಡುವೆ: ಪ್ರವೇಶ ಪರೀಕ್ಷೆಗಳ ತರ್ಕಪ್ರಶ್ನೆಗಳಲ್ಲಿ ಕನ್ನಡ

ಮುಖ್ಯಪದಗಳು: ತರ್ಕಾನುಮಾನ, ಪರಿಮಾಣವಾಚಿ, ನಿಷೇಧದ ವ್ಯಾಪ್ತಿ, ಸೂಚ್ಯಾರ್ಥ, ಅನುವಾದ

1. ಪ್ರಶ್ನೆಯ ನೆಲೆ

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ‘ಬೆಳ್ಳಗಿರುವ ಯಾವುದೂ ಹಾಲಲ್ಲ’ ಎಂದು ಯಾರೂ ಅರ್ಥೈಸುವುದಿಲ್ಲ. ಲೋಕಜ್ಞಾನ ಆ ಅರ್ಥವನ್ನು ತಡೆಯುತ್ತದೆ. ಆದರೆ ‘ಹೇಳಿಕೆ–ತೀರ್ಮಾನ’ ಮಾದರಿಯ ಪ್ರಶ್ನೆಗಳಲ್ಲಿ ಲೋಕಜ್ಞಾನವನ್ನು ಬದಿಗಿಟ್ಟು ವಾಕ್ಯವನ್ನಷ್ಟೇ ನಂಬಬೇಕೆಂಬುದು ನಿಯಮ. ವಾಕ್ಯವೇ ದ್ವಂದ್ವಾರ್ಥವಾಗಿದ್ದರೆ ಪರೀಕ್ಷೆ ಅಳೆಯುವುದು ಏನನ್ನು? ಅದು ತರ್ಕಶಕ್ತಿಯ ಜೊತೆಗೆ ಪ್ರಶ್ನೆಯ ಹಿಂದಿರುವ ಇಂಗ್ಲಿಷ್ ವಾಕ್ಯವನ್ನು ಊಹಿಸುವ ಶಕ್ತಿಯನ್ನೂ ಅಳೆಯುತ್ತದೆ ಎಂಬುದು ನಮ್ಮ ವಾದ.

ಅಥಣಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿಯೊಬ್ಬರ ಮುಂದಿರುವ ಪರೀಕ್ಷೆಗಳನ್ನು ನೋಡೋಣ. ಚಿಕ್ಕೋಡಿ ತಾಲ್ಲೂಕಿನ ಕೋಥಳಿಯ ಜವಾಹರ ನವೋದಯ ವಿದ್ಯಾಲಯದ 6ನೆಯ ತರಗತಿಗೆ ನಡೆಯುವ ಆಯ್ಕೆ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 20 ಭಾಷೆಗೆ ಮೀಸಲು. ಗದ್ಯಭಾಗ ಓದಿ ಉತ್ತರಿಸುವ ಇವನ್ನು ಕನ್ನಡದಲ್ಲೇ ಬರೆಯಬಹುದು. ವೈದ್ಯಕೀಯ ಪ್ರವೇಶದ ನೀಟ್ 2017ರಿಂದ ಕನ್ನಡದಲ್ಲೂ ಇದೆ. ಆದರೆ ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ. ತಾರ್ಕಿಕ ವಿಶ್ಲೇಷಣೆಗೆ ಪ್ರತ್ಯೇಕ ವಿಭಾಗವನ್ನೇ ಇಟ್ಟಿರುವ ಕಾನೂನು ಪ್ರವೇಶದ ಕ್ಲಾಟ್ ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುತ್ತ ಬಂದಿದೆ. ಅದನ್ನು ಭಾರತೀಯ ಭಾಷೆಗಳಿಗೆ ತರಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ತಂದರೆ ಹೇಗೆ ತರಬೇಕು ಎಂಬುದು ಭಾಷಾವಿಜ್ಞಾನದ ಪ್ರಶ್ನೆ.

2. ಮೂರು ತೊಡಕುಗಳು

ಕೆಳಗಿನ ಉದಾಹರಣೆಗಳು ನಾವೇ ರಚಿಸಿದವು.

(1) ಎಲ್ಲ ಚಪ್ಪಲಿಗಳು ಕೈಯಿಂದ ಹೊಲಿದವಲ್ಲ. ಇದು ಚಪ್ಪಲಿ.
ತೀರ್ಮಾನ: ಇದು ಕೈಯಿಂದ ಹೊಲಿದದ್ದಲ್ಲ.

‘ಎಲ್ಲ’ ಎಂಬುದು ನಿಷೇಧದ ವ್ಯಾಪ್ತಿಯ ಹೊರಗಿದ್ದರೆ ತೀರ್ಮಾನ ಸರಿ, ಒಳಗಿದ್ದರೆ ತಪ್ಪು. ಅಥಣಿಯ ಶಾಲೆಯಲ್ಲಿ ಹಾಜರಿ ತೆಗೆದುಕೊಳ್ಳುವವರು ‘ಎಲ್ಲಾರೂ ಬಂದಿಲ್ಲ’ ಎಂದಾಗ ಸಂದರ್ಭವೂ ಧ್ವನಿಯ ಏರಿಳಿತವೂ ಅರ್ಥವನ್ನು ನಿರ್ಧರಿಸುತ್ತವೆ. ಅಚ್ಚಾದ ಪ್ರಶ್ನೆಗೆ ಈ ಎರಡೂ ಇಲ್ಲ.

ಈ ದ್ವಂದ್ವ ಬರಿಯ ಅನುವಾದದೋಷವಲ್ಲ. ಲಿಡ್ಜ್ ಮತ್ತು ಮ್ಯುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಖ್ಯಾವಾಚಿ ಕರ್ಮಪದ ಮತ್ತು ನಿಷೇಧ ಎರಡೂ ಇರುವ ವಾಕ್ಯಗಳನ್ನು ಕನ್ನಡ ಹಾಗೂ ಇಂಗ್ಲಿಷ್ ಭಾಷಿಕರು ಹೇಗೆ ಗ್ರಹಿಸುತ್ತಾರೆಂದು ಪರಿಶೀಲಿಸಿದರು. ವಯಸ್ಕರು ಎರಡೂ ಅರ್ಥಗಳನ್ನು ಒಪ್ಪಿದರು. ನಾಲ್ಕು ವರ್ಷದ ಮಕ್ಕಳು ನಿಷೇಧಕ್ಕೆ ಹೆಚ್ಚಿನ ವ್ಯಾಪ್ತಿಯಿರುವ ಅರ್ಥಕ್ಕೇ ಅಂಟಿಕೊಂಡರು. ಕನ್ನಡದಲ್ಲಿ ಕರ್ಮಪದ ನಿಷೇಧಕ್ಕಿಂತ ಮೊದಲು ಬರುವುದರಿಂದ, ಮಕ್ಕಳನ್ನು ನಡೆಸಿದ್ದು ಪದಕ್ರಮವಲ್ಲ, ವಾಕ್ಯದ ಒಳರಚನೆ ಎಂಬುದು ಸ್ಪಷ್ಟವಾಯಿತು. ಹತ್ತು ವರ್ಷದ ಮಕ್ಕಳ ಬಗ್ಗೆ, ಅಥವಾ ಕರ್ತೃಸ್ಥಾನದ ‘ಎಲ್ಲ’ದ ಬಗ್ಗೆ, ಇದರಿಂದ ನೇರ ತೀರ್ಮಾನ ಹೊರಡದು. ಆದರೆ ಪ್ರಶ್ನೆ ರಚಿಸುವ ವಯಸ್ಕರಿಗೆ ಸಹಜವೆನಿಸಿದ ಅರ್ಥ ಮಗುವಿಗೂ ಸಹಜವೆಂಬ ಗ್ರಹಿಕೆಗೆ ಪುರಾವೆ ಬೇಕೆಂಬುದಂತೂ ಇದರಿಂದ ತಿಳಿಯುತ್ತದೆ.

(2) ಕೆಲವು ಹೊಲಗಳಿಗೆ ಕೃಷ್ಣೆಯ ನೀರು ಬರುತ್ತದೆ.
ತೀರ್ಮಾನ: ಕೆಲವು ಹೊಲಗಳಿಗೆ ಬರುವುದಿಲ್ಲ.

ತರ್ಕಶಾಸ್ತ್ರದ ಪ್ರಕಾರ ಈ ತೀರ್ಮಾನ ಹೊರಡುವುದಿಲ್ಲ. ಮಾತಿನಲ್ಲಿ ಹೊರಡುತ್ತದೆ, ಗ್ರೈಸ್ 1975ರಲ್ಲಿ ವಿವರಿಸಿದ ಸೂಚ್ಯಾರ್ಥ ಇದೇ. ಇದು ಎಲ್ಲ ಭಾಷೆಗಳಿಗೂ ಸಮಾನವಾದ ತೊಡಕು. ಕನ್ನಡದಲ್ಲಿ ಪರಿಹಾರ ಸುಲಭ: ‘ಕೆಲವು ಹೊಲಗಳಿಗಾದರೂ’ ಎಂದರೆ ‘ಎಲ್ಲಕ್ಕೂ ಬರಬಹುದು’ ಎಂಬ ಸಾಧ್ಯತೆ ತೆರೆದಿರುತ್ತದೆ; ‘ಕೆಲವು ಹೊಲಗಳಿಗೆ ಮಾತ್ರ’ ಎಂದರೆ ಮುಚ್ಚುತ್ತದೆ.

(3) ಮಳೆ ಬಂದರೆ ಬಿತ್ತುತ್ತಾರೆ. / ಮಳೆ ಬಂದರೆ ಮಾತ್ರ ಬಿತ್ತುತ್ತಾರೆ.

ಮೊದಲನೆಯದರಿಂದ ‘ಬಿತ್ತಿದ್ದಾರೆ, ಆದ್ದರಿಂದ ಮಳೆ ಬಂದಿದೆ’ ಎಂಬುದು ಹೊರಡುವುದಿಲ್ಲ, ಎರಡನೆಯದರಿಂದ ಹೊರಡುತ್ತದೆ. ಅನುವಾದದಲ್ಲಿ ‘ಮಾತ್ರ’ ಬಿಟ್ಟುಹೋದರೆ ಸರಿಯುತ್ತರವೇ ಬದಲಾಗುತ್ತದೆ. ಓದಲು ವಾಕ್ಯ ಸೊಗಸಾಗಿಯೇ ಇರುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ.

3. ಆಕ್ಷೇಪ ಮತ್ತು ಉತ್ತರ

ಇಂಗ್ಲಿಷ್‌ನಲ್ಲೂ ಇಂಥ ದ್ವಂದ್ವಗಳಿವೆ, ಪರೀಕ್ಷೆಯ ಸಂಕೇತಗಳನ್ನು ಎಲ್ಲರೂ ಕಲಿಯಲೇಬೇಕು ಎಂಬ ಆಕ್ಷೇಪ ಬರಬಹುದು. ಮೊದಲ ಮಾತನ್ನು ಒಪ್ಪುತ್ತೇವೆ. ಎರಡನೆಯದು ಅರ್ಧ ಸತ್ಯ. ಸಂಕೇತವನ್ನು ಕಲಿಯಬೇಕಾದರೆ ಅದು ಸ್ಥಿರವಾಗಿರಬೇಕು. ಒಂದೇ ‘ಎಲ್ಲ… ಅಲ್ಲ’ ರಚನೆಯನ್ನು ಒಮ್ಮೆ ಒಂದರ್ಥದಲ್ಲಿ, ಇನ್ನೊಮ್ಮೆ ಮತ್ತೊಂದರ್ಥದಲ್ಲಿ ಬಳಸಿದರೆ ಕಲಿಯಲು ಏನೂ ಉಳಿಯುವುದಿಲ್ಲ. ‘ಇಂಗ್ಲಿಷ್ ಪಾಠವೇ ಅಂತಿಮ’ ಎಂಬ ಷರತ್ತು ಈ ಕೊರತೆಯನ್ನು ತುಂಬದು. ಆ ಪಾಠವನ್ನು ಓದಬಲ್ಲವರಿಗೆ ಅದು ಆಸರೆ, ಓದಲಾರದವರಿಗೆ ದಂಡ. ಕರ್ನಾಟಕ ಲೋಕಸೇವಾ ಆಯೋಗದ 2024ರ ಆಗಸ್ಟ್ 27ರ ಪೂರ್ವಭಾವಿ ಪರೀಕ್ಷೆಯನ್ನು ಅನುವಾದದೋಷಗಳ ಕಾರಣ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಆ ಮರುಪರೀಕ್ಷೆಯ ಕನ್ನಡವೂ ಟೀಕೆಗೆ ಗುರಿಯಾಯಿತು. ಅದು ನೇಮಕಾತಿಯ ಪರೀಕ್ಷೆಯಾದರೂ ಪಾಠ ಇಲ್ಲಿಗೂ ಅನ್ವಯಿಸುತ್ತದೆ.

4. ಉಪಸಂಹಾರ

ತರ್ಕಪ್ರಶ್ನೆಗಳನ್ನು ಅನುವಾದಿಸದೆ ಕನ್ನಡದಲ್ಲೇ ರಚಿಸಬೇಕು. ಸಂಪೂರ್ಣ ನಿಷೇಧಕ್ಕೆ ‘ಯಾವ…ಊ ಅಲ್ಲ’, ಭಾಗಶಃ ನಿಷೇಧಕ್ಕೆ ‘ಕೆಲವಾದರೂ… ಅಲ್ಲ’ ಎಂಬ ನಿಶ್ಚಿತ ರೂಪಗಳನ್ನು ಬಳಸಿ, ಪರೀಕ್ಷೆಯ ಸೂಚನೆಗಳಲ್ಲೇ ಅವನ್ನು ವಿವರಿಸಬೇಕು. ಇಂಗ್ಲಿಷ್ ಮೂಲವನ್ನು ನೋಡದ ಕನ್ನಡ ಓದುಗರಿಂದ ಪ್ರತಿ ಪ್ರಶ್ನೆಗೂ ಮೊದಲೇ ಉತ್ತರ ಪಡೆಯಬೇಕು. ಅವರಲ್ಲಿ ಗಡಿಭಾಗದ ಕನ್ನಡ ಬಲ್ಲವರೂ ಇರಬೇಕು. ಅವರು ಎರಡು ಉತ್ತರಗಳನ್ನು ಸಮರ್ಥಿಸಬಲ್ಲರಾದರೆ ತಿದ್ದಬೇಕಾದದ್ದು ಪ್ರಶ್ನೆಯನ್ನು. ಕನ್ನಡದ ವ್ಯಾಕರಣಕ್ಕೆ ನಿಷ್ಠವಾಗಿ ಯೋಚಿಸಿದ ವಿದ್ಯಾರ್ಥಿಯ ಅಂಕ ಅದೇ ನಿಷ್ಠೆಯ ಕಾರಣಕ್ಕೆ ಕಡಿಮೆಯಾಗಬಾರದು.