ಕಾವಿ: ಕೆರೆದು ಉಳಿಸಿದ ಕೆಂಪು

ಕಾವಿ ಕಲೆಗೆ ಇರುವುದು ಎರಡೇ ಬಣ್ಣ: ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು. ಗೋವೆಯಿಂದ ಕುಮಟಾ, ಹೊನ್ನಾವರದ ಕಡೆಯವರೆಗೆ ಹಳೆಯ ದೇವಸ್ಥಾನಗಳ ಗೋಡೆಗಳನ್ನು ತುಂಬಿದ್ದ ಈ ಕೆಲಸವನ್ನು ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತರು ಊರೂರು ಅಲೆದು, ಫೋಟೊ ತೆಗೆದು ದಾಖಲಿಸಿದರು.

ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಬೆರೆಸಿ ಕೊಳೆಹಾಕಿ, ಅರೆದು ಗೋಡೆಗೆ ಗಾರೆ ಮೆತ್ತುತ್ತಿದ್ದರು. ಅದರ ಮೇಲೆ ಕಾವಿಯ ತೆಳು ಪದರ. ಹಸಿ ಆರುವುದರೊಳಗೆ ಕೈವಾರದಿಂದ ಗೆರೆ ಎಳೆದು, ಉಕ್ಕಿನ ಮೊನೆಯಿಂದ ಬೇಡದ ಕೆಂಪನ್ನು ಕೆರೆದರೆ ಅಡಿಯ ಬಿಳಿ ಕಾಣುತ್ತದೆ. ಉಳಿದ ಕೆಂಪೇ ಚಿತ್ರ. ಬಣ್ಣ ಗಾರೆಯೊಂದಿಗೇ ಗಟ್ಟಿಯಾಗುತ್ತದೆ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಉಪ್ಪುಗಾಳಿಯ ನಡುವೆ ಅದು ಬಾಳಿದ ಗುಟ್ಟು ಇದು.

ಇಟಲಿಯ ಸ್ಗ್ರಾಫಿತೊ ಕೂಡ ಕೆರೆಯುವ ಕಲೆಯೇ. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದದ್ದನ್ನು ಇದಕ್ಕೆ ಜೋಡಿಸಿ, ಕಾವಿಯೂ ಅವರ ಹಡಗಿನಲ್ಲೇ ಬಂತು ಎಂದುಬಿಡುವುದು ಸುಲಭ. ಆದರೆ 1550ರಲ್ಲಿ ಇಟಲಿಯ ಕಲಾವಿದ, ಲೇಖಕ ವಸಾರಿ ವಿವರಿಸಿದ ಪದ್ಧತಿಯಲ್ಲಿ ಕಪ್ಪು ಗಾರೆ ಕೆಳಗೆ, ಸುಣ್ಣ ಮೇಲೆ. ಕೆರೆದ ಗೆರೆ ಕಪ್ಪಾಗಿ ಮೂಡುತ್ತದೆ. ನಮ್ಮಲ್ಲಿ ಕ್ರಮ ತಿರುಗುಮುರುಗು. ಸುಣ್ಣ ಬಳಸುವ ಯಾವ ನಾಡಿನವರಿಗೂ ಹಸಿಗೋಡೆಯನ್ನು ಕೆರೆಯುವ ಉಪಾಯ ಹೊಳೆಯಬಹುದು. ಕೈವಾರದ ಅಗಲ ಬದಲಿಸದೆ ವೃತ್ತದ ಸುತ್ತ ಆರು ಸಲ ನಡೆಸಿದರೆ ಅರಳುವ ಹೂವು ರೋಮನ್ ನೆಲಗಟ್ಟುಗಳಲ್ಲೂ ಇದೆ. ಅದಕ್ಕೆ ಒಡೆಯರಿಲ್ಲ.

ಕಾವಿಯ ಬಲ ಇರುವುದು ಇಂಥ ಹೂವು, ಬಳ್ಳಿ, ಅಂಚುಪಟ್ಟಿಗಳಲ್ಲೇ. ದೇವರ ಆಕೃತಿಗೆ ಬಂದಾಗ ಮುಖ ಚಪ್ಪಟೆ, ಕೈಕಾಲು ಬಿಗಿ. ನೆರಳು ಬೆಳಕಿನ ಛಾಯೆ ಕೊಡಲು ಎರಡು ಬಣ್ಣ ಸಾಲದು. ಬಳ್ಳಿಗೆ ಮಾತ್ರ ಅದೇ ಬಡತನ ಶಿಸ್ತು ಕಲಿಸಿದೆ: ಕೆಂಪಿಗಿರುವಷ್ಟೇ ತೂಕ ಬಿಳಿಗೂ ಇದೆ.

ಇದೇ ಕರಾವಳಿಯ ಮುರ್ಡೇಶ್ವರದಲ್ಲಿ 2008ರಲ್ಲಿ ತೆರೆದ ರಾಜಗೋಪುರ 230 ಅಡಿ ಮೀರಿದ್ದು, ನೋಡಿದವರು ಬೆರಗಾಗುವುದು ಸಹಜ. ಅದರ ಅಲಂಕಾರ ತಮಿಳುನಾಡಿನ ಗೋಪುರಗಳ ಕುಲದ್ದು. ಬೇರೆ ಯಾವ ಊರಿನಲ್ಲಿ ಕಟ್ಟಿದ್ದರೂ ಹೀಗೆಯೇ ಇರುತ್ತಿತ್ತು. ಹೊರಗಿನ ಮಾದರಿ ಬರಲಿ, ಎಲ್ಲ ಕಾಲದಲ್ಲೂ ಬಂದಿದೆ. ಇಲ್ಲಿನ ಚಿಪ್ಪು, ಮಣ್ಣು, ಮಳೆ ಅದನ್ನು ಒಂದಿಷ್ಟಾದರೂ ಬದಲಿಸಿತೇ ಎಂಬುದೇ ನನ್ನ ಅಳತೆಗೋಲು. ಆ ಅಳತೆಗೆ ಕಾವಿ ನಿಲ್ಲುತ್ತದೆ, ಗೋಪುರ ನಿಲ್ಲುವುದಿಲ್ಲ.

ಜೀರ್ಣೋದ್ಧಾರವೆಂದು ಹಳೆಯ ಗೋಡೆ ಕೆಡವಿ, ಹೊಸ ಗೋಡೆಯ ಮೇಲೆ ಅದೇ ಹೂವನ್ನು ಡಬ್ಬಿಯ ಪೇಂಟಿನಲ್ಲಿ ಬರೆಸಿದರೆ ಕಾವಿ ಉಳಿದಂತಾಗದು. ಆಡಳಿತ ಮಂಡಳಿಗಳು ಮೊದಲು ಉಳಿಸಬೇಕಾದ್ದು ಗಾರೆ ಅರೆಯುವ ವಿದ್ಯೆಯನ್ನು. ಅದು ಕೈಗೆ ಬಂದರೆ ಹೂವನ್ನು ಕೈವಾರವೇ ಕಲಿಸುತ್ತದೆ.