ಹದಿನೈದು ಡಾಲರಿನ ಪೈಪು

1940ರ ಡಿಸೆಂಬರ್ 17. ಬ್ರಿಟನ್ನಿನ ಮೇಲೆ ಜರ್ಮನಿಯ ಬಾಂಬುಗಳು ಬೀಳುತ್ತಿದ್ದವು, ಶಸ್ತ್ರ ಕೊಳ್ಳಲು ಅದರ ಬಳಿ ಡಾಲರು ಖಾಲಿಯಾಗುತ್ತಾ ಬಂದಿತ್ತು. ಅಮೆರಿಕದ ಕಾನೂನೋ, ರೊಕ್ಕ ಎಣಿಸಿಯೇ ಸರಕು ಒಯ್ಯಬೇಕು ಎನ್ನುತ್ತಿತ್ತು. ಸಾಲ ಎಂದರೆ ಹಿಂದಿನ ಯುದ್ಧದ ವಸೂಲಾಗದ ಬಾಕಿ ನೆನಪಾಗುತ್ತಿತ್ತು. ದಾನ ಎಂದರೆ ಜನ ಸಿಟ್ಟಾಗುತ್ತಿದ್ದರು.

ಆ ದಿನ ಪತ್ರಕರ್ತರ ಮುಂದೆ ಕೂತ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಂಕಿಅಂಶ ಬಿಟ್ಟು ಪಕ್ಕದ ಮನೆಯ ಕಥೆಗಿಳಿದರು. ನೆರೆಯವನ ಮನೆಗೆ ಬೆಂಕಿ ಬಿದ್ದಿದೆ, ನನ್ನ ಹತ್ತಿರ ತೋಟಕ್ಕೆ ನೀರು ಬಿಡುವ ಪೈಪಿದೆ. ಇದಕ್ಕೆ ಹದಿನೈದು ಡಾಲರ್ ಬಿದ್ದಿದೆ, ಮೊದಲು ದುಡ್ಡಿಡು ಎನ್ನುತ್ತೇನೆಯೇ? ಬೆಂಕಿ ಆರಿದ ಮೇಲೆ ಪೈಪು ವಾಪಸ್ ಕೊಟ್ಟರೆ ಸಾಕು. ಹಾಳಾದರೆ ಅಂಥದ್ದೇ ಇನ್ನೊಂದು ತಂದುಕೊಡಲಿ.

ನನಗೆ ಇದರಲ್ಲಿ ತೀರಾ ಇಷ್ಟವಾಗುವುದು ಆ ಹದಿನೈದು ಡಾಲರ್. ಬೆಲೆ ಹೇಳಿದ್ದರಿಂದಲೇ ಪೈಪು ಕೈಗೆ ಸಿಗುವ ವಸ್ತುವಾಯಿತು, ಚೌಕಾಸಿ ನಾಚಿಕೆಗೇಡಾಯಿತು. ನೆರೆಮನೆಯ ಕಿಡಿ ನಮ್ಮ ಮಾಡಿಗೂ ಹಾರೀತು ಎಂಬುದನ್ನು ಅವರು ಬಿಡಿಸಿ ಹೇಳಬೇಕಾಗಲೇ ಇಲ್ಲ.

ಜಾಣತನವೂ ಇತ್ತೆನ್ನಿ. ಸಿಡಿದ ಗುಂಡನ್ನು ಯಾರು ಹಿಂದಿರುಗಿಸುತ್ತಾರೆ? ಸೆನೆಟರ್ ರಾಬರ್ಟ್ ಟ್ಯಾಫ್ಟ್ ಇದನ್ನೇ ಹಿಡಿದು, ಶಸ್ತ್ರ ಎರವಲು ಕೊಡುವುದೆಂದರೆ ಚೂಯಿಂಗ್ ಗಮ್ ಎರವಲು ಕೊಟ್ಟಂತೆ, ಅದು ವಾಪಸ್ ಬೇಕೆನಿಸುವುದಿಲ್ಲ ಎಂದು ಕುಟುಕಿದರು. ಉತ್ತರ ಸೊಗಸಾಗಿತ್ತು, ಲೆಕ್ಕಾಚಾರವೂ ಸರಿಯಿತ್ತು. ಆದರೂ 1941ರ ಮಾರ್ಚ್ 11ರಂದು, ಹೀಗೆ ಶಸ್ತ್ರ ಎರವಲು ಕೊಡಲು ದಾರಿ ಮಾಡಿದ ಲೆಂಡ್-ಲೀಸ್ ಮಸೂದೆಗೆ ರೂಸ್‌ವೆಲ್ಟರ ಸಹಿ ಬಿತ್ತು.